ಡ್ಯಾಶ್‌ಬೋರ್ಡಿನ ಆಮೆ

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಎರಡು ಬ್ಯಾಟರಿ ಪ್ಯಾಕ್ ಚಾರ್ಜಿಗೆ ಹಾಕಿದೆ. ಟೀ ಎಂದಿನಂತೆ ಆರಿಸಿಕೊಂಡೇ ಕುಡಿದೆ. ಅಕ್ಕ ಹೊರಟಳು. ಮಗಳ ಹೆರಿಗೆ ಈ ವಾರವೇ ಅಂತೆ. ಶೆಡ್ಡಿನ ಕೀ ಕೊಡುತ್ತಾ ಕೇಳಿದಳು, "ಬಿಚ್ಚೋದು, ಜೋಡಿಸೋದು ನೀನು ಮಾಡ್ತೀಯ. ಓಡಿಸಿ ನೋಡೋರು ಯಾರೋ?"

"ಗಾಡಿ ಯಾರದೋ ಅವರೇ ಓಡಿಸಿ ನೋಡ್ತಾರೆ ಬಿಡು."

ನಕ್ಕಳು. ನಗಲಿ. ವಾರಂಟಿ ಮುಗಿದ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಕಾರು ಓಡಿಸಲು ಬರುವುದಿಲ್ಲ. ನಾನೂರು ವೋಲ್ಟ್ ಮುಂದೆ ಹಾಯಾಗಿ ಕೂರುತ್ತೇನೆ, ಸ್ಟೀರಿಂಗ್ ಮುಂದೆ ಕೂತರೆ ಕೈಕಾಲು ತಣ್ಣಗಾಗುತ್ತದೆ. ಇಷ್ಟು ವರ್ಷ ಅಕ್ಕ ಇದ್ದಳು, ನಡೆಯಿತು. ಅವಳ ಕಾಲು ಭಾರ. ಅವಳು ಒಂದು ಸುತ್ತು ಹೊಡೆದು ಬಂದರೆ ಗಾಡಿಯಲ್ಲಿ ಅಡಗಿದ ಕಾಯಿಲೆಯೆಲ್ಲಾ ಆಚೆ ಬರುತ್ತದೆ.

ಮಾರ್ಚ್ 5, ಮಂಗಳವಾರ

ಡ್ರೈವಿಂಗ್ ಸ್ಕೂಲಿನ ಕೆಂಪು ಗಾಡಿ ಬಂತು. ಬಂತು ಅನ್ನುವುದಕ್ಕಿಂತ ತೆವಳಿತು. ಡ್ಯಾಶ್‌ಬೋರ್ಡಿನಲ್ಲಿ ಆಮೆ ಚಿತ್ರ ಹೊತ್ತಿಕೊಂಡಿದೆ. ಬ್ಯಾಟರಿಗೆ ಸುಸ್ತಾದರೆ ಗಾಡಿ ತಾನೇ ವೇಗ ಇಳಿಸಿಕೊಂಡು ಈ ಆಮೆಯನ್ನು ತೋರಿಸುತ್ತದೆ. ದಾರಿಯಲ್ಲಿ ಸೈಕಲ್ಲುಗಳೆಲ್ಲಾ ಇದನ್ನು ಹಿಂದೆ ಹಾಕಿ ಹೋದವಂತೆ.

ಇಳಿದವರು ಡ್ರೈವಿಂಗ್ ಮೇಡಂ. ಸ್ಕೂಲಿಗೆ ಇವರೇ ಮಾಲೀಕರು, ಇವರೇ ಟೀಚರ್. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ — ರಿಟೈರ್ ಆದ ಬಸ್ ಕಂಡಕ್ಟರ್. ಎಲ್ಲರಿಗೂ ಕಂಡಕ್ಟರ್ ಮಾವ. ಜೀವಮಾನವೆಲ್ಲಾ ಡ್ರೈವರ್ ಬೆನ್ನು ನೋಡಿದ್ದಾಯಿತು, ಇನ್ನು ಮುಂದಿನ ಗಾಜು ನೋಡಬೇಕು ಅಂತ ಸೇರಿದ್ದಾರಂತೆ.

ಮೇಡಂ ನೇರ ಮಾತಿನವರು. "ಕಂಪನಿಯವರು ಇಡೀ ಬ್ಯಾಟರಿ ಬದಲಾಯಿಸಿ ಅಂತಾರೆ. ಅಷ್ಟಕ್ಕೆ ಇನ್ನೊಂದು ಗಾಡಿನೇ ಬರುತ್ತೆ. ನನಗಿರೋದು ಇದೊಂದೇ ಗಾಡಿ. ಇಪ್ಪತ್ತೆರಡಕ್ಕೆ ಐದು ಜನರ ಲೈಸೆನ್ಸ್ ಟೆಸ್ಟ್. ಆಗಲ್ಲ ಅಂದ್ರೆ ಈಗಲೇ ಹೇಳಿ, ಬೋರ್ಡ್ ಇಳಿಸಿಬಿಡ್ತೀನಿ."

"ಆಗುತ್ತೆ" ಎಂದೆ. ಬಿಚ್ಚಿ ನೋಡುವ ಮೊದಲೇ ಯಾರಿಗೂ ಹಾಗೆ ಹೇಳಿದವನಲ್ಲ ನಾನು. ಅದು ಹೇಗೆ ಬಾಯಿಂದ ಬಂತೋ.

ಮಾರ್ಚ್ 7, ಗುರುವಾರ

ಪ್ಯಾಕ್ ಇಳಿಸಿ ಮುಚ್ಚಳ ತೆಗೆದೆ. ಸಾಲಾಗಿ ಮಾಡ್ಯೂಲುಗಳು, ಅಂದರೆ ಸೆಲ್ಲುಗಳ ಕಟ್ಟುಗಳು; ಒಂದರ ಹೊಟ್ಟೆ ಉಬ್ಬಿದೆ. ಕಳ್ಳ ಸಿಕ್ಕಿದ. ಆಕ್ಸಿಡೆಂಟ್ ಗಾಡಿಯಿಂದ ಬಿಚ್ಚಿಟ್ಟ ಒಳ್ಳೆಯ ಮಾಡ್ಯೂಲು ನಮ್ಮ ಕಪಾಟಿನಲ್ಲಿತ್ತು, ಹೊಂದಿತು.

ಮೇಡಂ ನೋಡಲು ಬಂದರು. ವಾಚು, ಓಲೆ ತೆಗೆಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿದೆ. ಹತ್ತಿರ ಬರುವವರ ಮೈಮೇಲೆ ಲೋಹ ಇರಕೂಡದು. ನನ್ನ ಎಡಗೈ ಪ್ಯಾಂಟಿನ ಜೇಬಿನಲ್ಲಿ. ಅದನ್ನೇ ನೋಡುತ್ತಾ ಕೇಳಿದರು, "ಇದೇನು ಸ್ಟೈಲಾ?"

"ಇಲ್ಲ ಮೇಡಂ. ಅಳೆಯೋವಾಗ ಒಂದೇ ಕೈ. ಎರಡೂ ಕೈ ತಾಗಿದ್ರೆ ಕರೆಂಟು ಎದೆ ಮೂಲಕ ಹಾಯುತ್ತೆ."

"ಒಳ್ಳೆ ಕಸುಬು" ಎಂದರು. ಅವರು ಹೋದ ಮೇಲೂ ಆ ಮಾತು ನೆನಪಾಗಿ ಒಬ್ಬನೇ ನಗುತ್ತಿದ್ದೆ.

ಮಾರ್ಚ್ 8, ಶುಕ್ರವಾರ

ಹೆಣ್ಣು ಮಗು!!

ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿಗಳ ನಟ್ಟು ಬಿಗಿ ಮಾಡುತ್ತಿದ್ದೆ. ನಮ್ಮ ಶೆಡ್ಡಿನ ರೂಢಿ — ಮೊದಲು ಎಲ್ಲವನ್ನೂ ಕೈಯಲ್ಲಿ ತಿರುಗಿಸುವುದು, ಆಮೇಲೆ ಟಾರ್ಕ್ ಸ್ಪ್ಯಾನರ್ ಹಾಕಿ, ಬಿಗಿ ಸಾಕು ಎಂದು ಅದು ಕಟ್ ಅನ್ನುವವರೆಗೆ ಬಿಗಿಯುವುದು, ಕಟ್ ಅಂದ ನಟ್ಟಿಗೆ ಮಾತ್ರ ಹಳದಿ ಗೆರೆ. ನಡುವೆ ಅಕ್ಕನ ಫೋನು. ಮಾತಿಗಿಂತ ಅಳುವೇ ಜಾಸ್ತಿ, ಖುಷಿಯ ಅಳು. ನಾನು ಅಜ್ಜ ಆದೆ. ಈ ವಯಸ್ಸಿಗೆ, ಮದುವೆಯೇ ಆಗದೆ. ಶೆಡ್ಡಿನಿಂದ ಆಚೆ ಓಡಿಹೋಗಿ ಎದುರಿನ ವೆಲ್ಡಿಂಗ್‌ನವನನ್ನು ತಬ್ಬಿಕೊಂಡೆ.

ಬಂದು ಉಳಿದ ಕೆಲಸ ಮುಗಿಸಿ ಮುಚ್ಚಳ ಹಾಕಿದೆ. ಸಂಜೆ ಮೇಡಂ ಓಡಿಸಿ ನೋಡಿದರು. ಏರು, ಇಳಿಜಾರು, ಎಲ್ಲಾ. ಆಮೆ ಇಲ್ಲ. ಕೈಕುಲುಕಿದರು. ಬಲಗೈ ಕೊಟ್ಟೆ, ಎಡಗೈ ಜೇಬಿನಲ್ಲೇ ಇತ್ತು. ಹಾಳು ಅಭ್ಯಾಸ.

ಮಾರ್ಚ್ 12, ಮಂಗಳವಾರ

ಆಮೆ ವಾಪಸ್ಸು.

ಸೇತುವೆಯ ಏರಿನಲ್ಲಿ, ಕಂಡಕ್ಟರ್ ಮಾವ ಓಡಿಸುತ್ತಿದ್ದಾಗ. ಹಿಂದೆ ಹಾರ್ನೋ ಹಾರ್ನು. ಮಾವ ಕಿಟಕಿಯಿಂದ ತಲೆ ಆಚೆ ಹಾಕಿ "ಮುಂದೆ ಹೋಗ್ರಪ್ಪ, ಜಾಗ ಇದೆ" ಅಂದರಂತೆ. ಮೇಡಂ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಹತ್ತು ದಿನ ಇದೆ" ಎಂದಷ್ಟೇ ಹೇಳಿ ಆಚೆ ನೋಡಿದರು.

ಆಗುತ್ತೆ ಅಂತ ಮಾತು ಕೊಟ್ಟವನು ನಾನು.

ಮಾರ್ಚ್ 14, ಗುರುವಾರ

ಎರಡು ದಿನ ಅಳೆದದ್ದೇ ಅಳೆದದ್ದು. ನಿಂತ ಗಾಡಿಯಲ್ಲಿ ಎಲ್ಲಾ ಸೆಲ್ಲೂ ಸರಿಸಮ. ಮೇಡಂ ಓಡಿಸಿದರೆ ಸರಿ. ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಕೂತೆ, ಒಂದು ಸೆಲ್ಲಿನ ಅಂಕಿಯೂ ಅಲುಗಲಿಲ್ಲ. ಅವರ ಕಾಲು ಬೆಣ್ಣೆಯಂತೆ. ನಿಂತದ್ದು ಗೊತ್ತಾಗುವುದಿಲ್ಲ, ಹೊರಟದ್ದು ಗೊತ್ತಾಗುವುದಿಲ್ಲ. ಅವರು ಓಡಿಸುವಾಗ ಪಕ್ಕದಲ್ಲಿ ಕೂರುವುದು ಒಂದು ಸುಖ — ಇರಲಿ.

ಅಕ್ಕನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಹಿಂದೆ ಮಗುವಿನ ಅಳು. "ಮಾವ ಹೆಂಗೆ ಓಡಿಸ್ತಾರೆ?" ಎಂದಳು.

"ಒಮ್ಮೆಲೇ ತುಳೀತಾರೆ, ಒಮ್ಮೆಲೇ ಬಿಡ್ತಾರೆ."

"ಮತ್ತೆ? ನನ್ನ ಥರ. ಬೆಣ್ಣೆ ಕಾಲಿಗೆ ಕಾಣಲ್ಲ ಕಣೋ ಅದು, ಒರಟು ಕಾಲಿಗೇ ಕಾಣೋದು. ಯಾರಾದ್ರೂ ಕೆಟ್ಟ ಡ್ರೈವರ್ ಹುಡುಕು." ಆಮೇಲೆ, "ಅಂದ್ಹಾಗೆ, ಫೋನ್ ಮಾಡ್ದಾಗೆಲ್ಲಾ ಮೇಡಂ ಮೇಡಂ ಅಂತೀಯಲ್ಲ, ಏನ್ ಸಮಾಚಾರ?"

ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ.

ಮಾರ್ಚ್ 15, ಶುಕ್ರವಾರ

ಸೇತುವೆಯ ಮೇಲೆ ಆದದ್ದಕ್ಕೆ ಹೆದರಿ ಕಂಡಕ್ಟರ್ ಮಾವ ಮನೆಯಲ್ಲಿ ಮಲಗಿಬಿಟ್ಟಿದ್ದಾರೆ. ಗಾಡಿ ಸರಿಯಾಗುವವರೆಗೆ ಮುಟ್ಟುವುದಿಲ್ಲ ಅಂತಾರೆ. ಬೇರೆ ವಿದ್ಯಾರ್ಥಿಗಳನ್ನು ಈ ಗಾಡಿಯಲ್ಲಿ ಕೂರಿಸಲು ಮೇಡಂಗೆ ಮನಸ್ಸಿಲ್ಲ. ಅಕ್ಕ ಹೇಳಿದ್ದನ್ನು ಅವರಿಗೆ ಹೇಳಿದೆ.

"ಹಾಗಾದ್ರೆ ಕೆಟ್ಟದಾಗಿ ಓಡಿಸೋರು ಯಾರಿದ್ದಾರೆ?" ಎಂದು ಕೇಳಿದರು.

ನೆಲ ನೋಡಿದೆ. "ನಾನಿದ್ದೀನಿ. ನನಗೆ ಓಡಿಸೋಕೇ ಬರಲ್ಲ."

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಅದಕ್ಕಿಂತ ಇನ್ನೇನು ಬೇಕು, ಹತ್ತಿ" ಎಂದರು.

ಅವರು ಕ್ಲಾಸ್ ಮಾಡುವ ಹಳೆಯ ಗೋಡೌನಿನ ಮೈದಾನ. ಲಾರಿ ಹತ್ತುವ ಏರು ಅಲ್ಲೊಂದಿದೆ. ಲ್ಯಾಪ್‌ಟಾಪ್ ಮೇಡಂ ಮಡಿಲಲ್ಲಿ, ಅವರ ಕಾಲು ಅವರ ಕಡೆಯ ಬ್ರೇಕಿನ ಮೇಲೆ.

"ಇನ್ನೊಂದು ಕೈ ಎಲ್ಲಿ?"

ಜೇಬಿನಲ್ಲಿತ್ತು.

"ಇಲ್ಲಿ ಎರಡೂ ಬೇಕು ರೀ. ಎದೆಗೆ ಏನೂ ಆಗಲ್ಲ."

ತುಳಿದೆ. ಗಾಡಿ ಹಾರಿತು. ಬಿಟ್ಟೆ. ಮುಗ್ಗರಿಸಿತು. ಗೋಡೆ ಎದ್ದು ನಮ್ಮ ಕಡೆಗೇ ಬಂತು, ಮೇಡಂ ಬ್ರೇಕ್ ಹಾಕಿದರು. ಮತ್ತೆ ಹೊರಟೆ. ಒಂದು ಡ್ರಮ್ಮು ಉರುಳಿಸಿದೆ, ಖಾಲಿ ಡ್ರಮ್ಮು. ಏರಿನಲ್ಲಿ ಜೋರಾಗಿ ತುಳಿದಾಗ ಅವರು ತಣ್ಣಗೆ ಹೇಳಿದರು, "ಮೂವತ್ತೊಂದನೇ ಸೆಲ್ಲಿನ ವೋಲ್ಟೇಜ್ ಬಿತ್ತು. ಕೆಂಪಾಯ್ತು. ಬಿಡಿ... ಹಾಂ, ಸರಿಹೋಯ್ತು. ಇನ್ನೊಂದ್ಸಲ ತುಳೀರಿ."

ಮತ್ತೆ ಮೂವತ್ತೊಂದು. ಮತ್ತೆ. ಆಮೆ ಹೊತ್ತಿಕೊಂಡಿತು. ಆಮೆ ಕಂಡು ಇಬ್ಬರು ಕೇಕೆ ಹಾಕಿದ್ದು ಇದೇ ಮೊದಲಿರಬೇಕು. ನಾನು ಓಡಿಸಿದೆ! ಕೆಟ್ಟದಾಗಿ, ಆದರೆ ಓಡಿಸಿದೆ.

ಮಾರ್ಚ್ 16, ಶನಿವಾರ

ಬಿಚ್ಚಿದೆ. ಮೂವತ್ತೊಂದರ ನಟ್ಟಿನ ಮೇಲೆ ಅಚ್ಚುಕಟ್ಟಾದ ಹಳದಿ ಗೆರೆ. ಸ್ಪ್ಯಾನರ್ ಹಾಕಿದರೆ — ಅರ್ಧ ಸುತ್ತು ತಿರುಗಿತು. ಕೆಳಗಿನ ಪಟ್ಟಿ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದೆ. ಅಕ್ಕನ ಫೋನು ಬಂದದ್ದು ಈ ನಟ್ಟಿನ ಹತ್ತಿರವೇ. ಅಜ್ಜನಾದ ಗುಂಗಿನಲ್ಲಿ ಬಿಗಿಯದೆ ಗೆರೆ ಎಳೆದುಬಿಟ್ಟಿದ್ದೇನೆ. ಹೆಚ್ಚು ಕರೆಂಟು ಎಳೆದಾಗ ಮಾತ್ರ ಸಡಿಲು ಜಾಗದಲ್ಲಿ ವೋಲ್ಟೇಜ್ ಇಳಿಯುತ್ತಿತ್ತು, ಒರಟು ಕಾಲಿಗಷ್ಟೇ ಕಾಣುತ್ತಿತ್ತು.

ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಗ್ಗಿ ಆ ಪಟ್ಟಿಯನ್ನು ನೋಡಿ ಕೇಳಿದರು, "ಮಗುಗೆ ಹೆಸರಿಟ್ರಾ?"

"ಇನ್ನೂ ಇಲ್ಲ."

"ಮೂವತ್ತೊಂದು ಅಂತ ಕರೀರಿ."

ಪಟ್ಟಿ ಬದಲಾಯಿಸಿದೆ. ಎಲ್ಲಾ ನಟ್ಟೂ ಮತ್ತೆ ಮೊದಲಿಂದ. ಫೋನು ಆಫ್.

ಮಾರ್ಚ್ 22, ಶುಕ್ರವಾರ

ಐದಕ್ಕೆ ಐದೂ ಪಾಸ್. ಕಂಡಕ್ಟರ್ ಮಾವ ಏರಿನಲ್ಲಿ ಹಾರಿಸಿಕೊಂಡೇ ಹತ್ತಿದರಂತೆ, ಆಮೆಯ ಸುಳಿವಿಲ್ಲ. ಶೆಡ್ಡಿಗೆ ಮೆರವಣಿಗೆಯಲ್ಲಿ ಬಂದರು. ಮಾವ ನನ್ನ ಕಿವಿಯಲ್ಲಿ, "ಮೇಡಂ ಒಬ್ಬರೇ ಇರೋದು, ಗೊತ್ತಾ?" ಎಂದರು. ನಾನೇನೂ ಕೇಳಿರಲಿಲ್ಲ. ಆದರೆ ಕೇಳಿ ಸಂತೋಷವಾಯಿತು, ಸುಳ್ಳೇಕೆ ಬರೆಯಲಿ.

ಹೊರಡುವಾಗ ಮೇಡಂ, "ಸೋಮವಾರ ಆರು ಗಂಟೆ. ಒಂದು ಸೀಟು ಖಾಲಿ ಇದೆ" ಎಂದರು.

ಮಾರ್ಚ್ 25, ಸೋಮವಾರ, ಬೆಳಿಗ್ಗೆ 5:45

ಮೊದಲ ಕ್ಲಾಸು. ಅಕ್ಕ ನಿನ್ನೆ ಬಂದಳು, ಮಗುವಿನ ಫೋಟೋ ಇನ್ನೂರು. ಡ್ರೈವಿಂಗ್ ಕಲಿಯಲು ಇಸ್ತ್ರಿ ಶರ್ಟ್ ಯಾಕೆ ಅಂತ ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಸ್ಟೀರಿಂಗ್ ಹಿಡಿಯಲು ಈಗಲೂ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಅವರನ್ನು ಒಂದು ಮಾತು ಕೇಳಬೇಕು. ಕ್ಲಾಸ್ ಮುಗಿದ ಮೇಲೆ ಕೇಳುತ್ತೇನೆ. ಅಥವಾ ಏರಿನ ಹತ್ತಿರ ಗಾಡಿ ನಿಲ್ಲಿಸಿದಾಗ...

ಹಾರ್ನು. ಆಗಲೇ ಬಂದರಾ! ಗೇಟಿನಿಂದ ಕೂಗುತ್ತಿದ್ದಾರೆ, "ಎರಡೂ ಕೈ ಆಚೆ ಇದಾವಾ?"

ಇವೆ ಎಂದು ಕೂಗಿದೆ. ಸುಳ್ಳು. ಬರೆಯುವಾಗಲೂ ಎಡಗೈ ಜೇಬಿನಲ್ಲೇ ಇತ್ತು. ತೆಗೆದೆ. ಬಲಗೈಯೂ ಖಾಲಿ ಇರಬೇಕಲ್ಲ, ಪೆನ್ನು ಕೆಳಗಿ—