ಒದ್ದೆ ರೇಷ್ಮೆಯ ಗಂಟು

ಮಂಗಳೂರು, ಮಂಗಳವಾರ

ಚಿ. ರಮ್ಯಶ್ರೀಗೆ ನಿನ್ನ ಸೋದರಮಾವನ ಆಶೀರ್ವಾದ.

ಮೊನ್ನೆ ಅರಬ್ಬೀ ಸಮುದ್ರವೇ ನಿನ್ನ ಮಾವನನ್ನು ಕಂಡು ಹೆದರಿ ಹತ್ತು ಹೆಜ್ಜೆ ಹಿಂದೆ ಸರಿಯಿತು. ಬಾಳೆಹಣ್ಣಿನಂಥ ರಬ್ಬರ್ ದೋಣಿಯ ಮೇಲೆ ಕುದುರೆ ಸವಾರನಂತೆ ಕೂತೆ. ಆಮೇಲೆ ನೀರಿನ ಮೇಲೆ ಓಡುವ ಸ್ಕೂಟರ್ ಹತ್ತಿದೆ. ಕೊನೆಗೆ ದೋಣಿ ಹಗ್ಗ ಕಟ್ಟಿ ಎಳೆಯುವ ದೊಡ್ಡ ಛತ್ರಿಗೆ ನೇತುಬಿದ್ದು ಆಕಾಶಕ್ಕೇ ಹೋದೆ. ಮೇಲಿಂದ ದಡವೆಲ್ಲ ನಿನ್ನ ಸೀರೆಯ ಅಂಚಿನಷ್ಟೇ ಕಂಡಿತು.

ನೀನು ನಾಲ್ಕು ತಿಂಗಳು ನೇಯ್ದ ಮೂರೂ ಸೀರೆಗಳನ್ನು ಇಲ್ಲಿಯ ಮದುವೆ ಮನೆಯವರು ಮೆಚ್ಚಿ, ದುಡ್ಡು ಕೈಗೇ ಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರೇಷ್ಮೆ ಎಳೆಯಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದೆ.

"ದುಡ್ಡು ಇಲ್ಲಿಟ್ಟು ಹೋಗಿ ಮಾರಾಯ್ರೇ" ಎಂದ ದೋಣಿಯವನು.

"ಲೇ, ಕೊಳ್ಳೇಗಾಲದ ಮಗ್ಗದೋನು ಆಕಿದ ಗಂಟು ಕಣ್ಲಾ, ಕತ್ತರಿ ತಂದ್ರೇನೇ ಬಿಚ್ಚೋದು" ಎಂದೆ.

ಇಳಿಸುವಾಗ ಸೊಂಟದವರೆಗೆ ನೀರಿಗೆ ಅದ್ದಿದರು. ನೆಂದರೆ ರೇಷ್ಮೆ ಗಂಟು ಜಾರುತ್ತದೆ ಎಂದು ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವನು ನಾನೇ.

ಎರಡು ದಿನ ದಡದುದ್ದಕ್ಕೂ ಹುಡುಕಿದೆ. ಫೋನೂ ನೀರುಪಾಲಾಗಿದೆ, ಅದಕ್ಕೇ ಈ ಕಾಗದ. ಮುಂದಿನ ಸೀರೆಗೆ ನೂಲು ತೆಗೆದಿಡಬೇಡಿ ಎಂದು ರೇಷ್ಮೆ ಅಂಗಡಿಯವರಿಗೆ ಹೇಳು. ಖಾಲಿ ಮಗ್ಗದ ಮೇಲೆ ಬಟ್ಟೆ ಹೊದಿಸು, ಧೂಳು ಕೂರುತ್ತದೆ. ನಾನು ಯಾವಾಗ ಬರುತ್ತೇನೆಂದು ಕೇಳಬೇಡ. ಅಮ್ಮನಿಗೆ ಛತ್ರಿಯವರೆಗೆ ಮಾತ್ರ ಓದಿ ಹೇಳು, ನನ್ನಕ್ಕ ನಗಲಿ.

ಸ್ವಲ್ಪ ದುಡ್ಡು ಹೋಯಿತು ಎಂದು ಬರೆಯಲು ಕೂತಿದ್ದೆ. ಸ್ವಲ್ಪ ಅಲ್ಲ ಕಣವ್ವಾ. ನಲವತ್ತೆರಡು ಸಾವಿರ, ಅಷ್ಟೂ.

ನಿನ್ನ ಮಾವ,
ದೇವಣ್ಣ