ತುಂಬಿಸಿಟ್ಟ ಗಜನಿ

18 ಜನವರಿ 2007, ಗುರುವಾರ. ಅಂಕೋಲಾ

ಹಕ್ಕಿ ಎಣಿಸಲು ಬಂದವರು ನಮ್ಮ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಒಂದೂ ಹಕ್ಕಿ ಇಲ್ಲವೆಂದು ಬರೆದುಕೊಂಡು ಹೋದರು. ಆ ಕಾಗದದ ಬಲದ ಮೇಲೆ ಇನ್ನು ಇಲ್ಲಿ ಮಣ್ಣು ಸುರಿದು ಗೋಡೌನು ಕಟ್ಟುತ್ತಾರೆ.

ಸುಳ್ಳು ಬರೆದರೆಂದು ಬೈಯುವ ಹಾಗೂ ಇಲ್ಲ. ನಾನೂ ದಂಡೆಯ ಮೇಲಿದ್ದೆ. ಗಜನಿ ತುಂಬ ನೀರು, ಒಂದು ರೆಕ್ಕೆಯೂ ಇಲ್ಲ. ಮೊನ್ನೆ ಸಮುದ್ರದ ಇಳಿತದ ಹೊತ್ತಿಗೆ ಇದೇ ಕೆಸರಿನಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಎಲ್ಲಿಂದಲೋ ಬಂದ ಉದ್ದ ಕೊಕ್ಕಿನ ಪುಟ್ಟ ಹಕ್ಕಿಗಳು ಏಡಿ ಹೆಕ್ಕುತ್ತಿದ್ದವು. ಕೆಸರು ಕಂಡರೆ ತಾನೇ ಅವು ಇಳಿಯುವುದು?

ಗಜನಿಯ ಬಾಗಿಲು ಕಾಯುವ ಬೀರಾನನ್ನು ಕೇಳಿದೆ, ಇಳಿತಕ್ಕೆ ಹಲಗೆ ಎತ್ತಿ ನೀರು ಯಾಕೆ ಹೊರಗೆ ಬಿಡಲಿಲ್ಲ ಎಂದು.

"ಸಾಹೇಬ್ರು ಬರೂ ದಿನ ಕೆಸ್ರು ತೋರ್ಸೂದ್ ಚಂದ ಅಲ್ಲ, ನೀರ್ ತುಂಬ್ಸಿಡು ಅಂತ ನೀವೇ ಹೇಳ್ ಕಳ್ಸಿದ್ರಲ್ರಾ ಮಾಸ್ತರ್ರೆ."

"ನಾನಾ? ಯಾರ ಹತ್ರ?"

"ರೂಪೇಶನ ಹತ್ರ. ನಂಗೂ ಹೌದು ಕಂಡ್ತು. ನೆಂಟ್ರು ಬರೂವಾಗ ಅಂಗ್ಳ ಸಾರ್ಸೂದಿಲ್ವಾ?"

ಬೀರಾನದು ಮರ್ಯಾದೆ. ರೂಪೇಶನದು ಏನು? ನಮ್ಮ ಹೋರಾಟ ಸಮಿತಿಯ ಕಾರ್ಯದರ್ಶಿ, ಐದು ವರ್ಷ ನನ್ನ ಪಕ್ಕದಲ್ಲೇ ಘೋಷಣೆ ಕೂಗಿದವನು. ಹಕ್ಕಿ ಕೆಸರಿಗೇ ಬರುತ್ತದೆಂದು ನನಗೆ ತೋರಿಸಿಕೊಟ್ಟವನೇ ಅವನು. ಗೊತ್ತಿಲ್ಲದೆ ಮಾಡಿದ ಎನ್ನಲು ಬಾಯಿ ಬರುತ್ತಿಲ್ಲ.

ಸಂಜೆ ಅವನದೇ ಫೋನು. "ಇನ್ನೊಂದ್ಸಲ ಎಣಿಸ್ಲಿ ಅಂತ ಅರ್ಜಿ ಹಾಕ್ವಾ ಮಾಸ್ತರ್ರೆ, ನಾನೇ ಬರೀತೆ." ಅಡ್ಡಿಲ್ಲ ಎಂದೆ. ಫೋನು ಇಟ್ಟವನೇ ಕೂತು ಅರ್ಜಿ ನಾನೇ ಬರೆದೆ. ಎಣಿಸುವವರು ಬರುವ ದಿನ ಅವನಿಗೆ ಗೊತ್ತಾಗಬಾರದು. ಬೆಳಿಗ್ಗೆ ಎದ್ದವನೇ ಬೀರಾನ ಮನೆಗೆ ಹೋಗಿ ಹೇಳಬೇಕು, ನನ್ನ ಹೆಸರು ಹೇಳಿಕೊಂಡು ಯಾರೇ ಬಂದರೂ ನಂಬಬೇಡ, ಇಳಿತಕ್ಕೆ ಹಲಗೆ ಎತ್ತುವುದನ್ನು ಮಾತ್ರ ನಿಲ್ಲಿಸಬೇಡ ಎಂದು.