ಗೋಡೆ ಪಕ್ಕದ ಚುಕ್ಕಿ

ಭದ್ರಾವತಿ
ಗುರುವಾರ, 13 ಮಾರ್ಚ್ 2025

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವಿನ ಮಾತ್ರೆ ಒಳಗೆ ಸಿಗುತ್ತಿದೆಯಾ? ಬರಿ ನೆಲದ ಮೇಲೆ ಮಲಗಬೇಡ, ಕಂಬಳಿಯನ್ನು ಎರಡು ಮಡಿಕೆ ಹಾಕಿಕೋ. ಈ ವಾರದ ಜೈಲು ಭೇಟಿಯನ್ನು ಹಾಲಸ್ವಾಮಿ ಮಾಮ ನಮ್ಮ ಬೀದಿ ಸಂಘದ ಕಾರ್ಯದರ್ಶಿ ಅಂತ ಹೇಳಿ ಬಳಸಿಕೊಂಡುಬಿಟ್ಟರು. ಹಾಗಾಗಿ ನನಗೆ ಉಳಿದದ್ದು ಈ ಕಾಗದ. ವಕೀಲ ವೆಂಕಟಾಚಲ ಅವರ ಕೈಲಿ ಕಳಿಸುತ್ತಿದ್ದೇನೆ, ಓದಿ ಅವರಿಗೇ ವಾಪಸ್ ಕೊಡು. ಅಜ್ಜಿ ಗಟ್ಟಿಯಾಗಿದ್ದಾಳೆ. ಸೊಸೆ ಜೈಲಿಗೆ ಹೋದಳು ಅಂತ ಯಾರಾದರೂ ಅಂದರೆ ಕಳ್ಳತನಕ್ಕೇನೂ ಹೋಗಿಲ್ಲ ಅಂತ ಬಾಯಿ ಮುಚ್ಚಿಸುತ್ತಾಳೆ. ಅಪ್ಪನ ಫೋಟೊವನ್ನು ದಿನಕ್ಕೆರಡು ಸಲ ಒರೆಸುತ್ತಾಳೆ. ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಬೂದಿ.

ನನಗೆ ಮಾತ್ರ ಒಂದೇ ಚಿಂತೆ. ಸೋಮವಾರ ಅಹವಾಲು ಸಭೆ. ನಮ್ಮ ಗೋಡೆಗೆ ಒರಗಿಕೊಂಡಿರುವ ಆ ಬೂದಿ ರಾಶಿಯನ್ನು ಕುಲುಮೆ ಕಂಪನಿಯವರು ಇನ್ನಷ್ಟು ಬೆಳೆಸಬಹುದೋ ಬೇಡವೋ ಅಂತ ಅಲ್ಲೇ ತೀರ್ಮಾನ. ನೀನು ಮಾಲಿನ್ಯ ಮಂಡಳಿ ಸಾಹೇಬರ ಮೇಜಿನ ಮೇಲೆ ಒಂದು ಬುಟ್ಟಿ ಬೂದಿ ಸುರಿದು ಅರೆಸ್ಟಾದಾಗ ಅವರು ಹೇಳಿದ್ದು ಮರೆತಿಲ್ಲ ತಾನೇ? 'ಘೋಷಣೆ ಬೇಡಮ್ಮ, ಡೇಟಾ ತನ್ನಿ.' ನಮ್ಮ ಮಕ್ಕಳ ಕೆಮ್ಮು ಅವರಿಗೆ ಡೇಟಾ ಅಲ್ಲ. ಹಿಟ್ಟಿನ ಡಬ್ಬಿಯೊಳಗಿನ ಕಪ್ಪು ಪುಡಿಯೂ ಡೇಟಾ ಅಲ್ಲ. ಅದೆಲ್ಲ ಬಸ್ಸು ಲಾರಿ ಎಬ್ಬಿಸುವ ರಸ್ತೆ ಧೂಳು ಅಂತ ಕಂಪನಿ ಬರೆದುಕೊಟ್ಟಿದ್ದೇ ವೇದವಾಕ್ಯ. ಸರಿ, ಡೇಟಾನೇ ತರೋಣ ಅಂತ ಹೊರಟೆವು. ಗೋಡೆಯಿಂದ ಬಸ್ ರಸ್ತೆಯವರೆಗೆ ಬೀದಿಯ ಮನೆಗಳ ಮಾಡಿನ ಮೇಲೆಲ್ಲ ಒಂದೊಂದು ಸ್ಟೀಲ್ ತಟ್ಟೆ ಇಟ್ಟೆವು. ಭಾನುವಾರ ಭಾನುವಾರ ನಾನು ಶಿವಮೊಗ್ಗದ ಹಾಸ್ಟೆಲಿನಿಂದ ಬಂದು, ಸಂಘದವರ ಜೊತೆ ತಟ್ಟೆಯ ಧೂಳನ್ನು ಬ್ರಷ್ಷಿನಿಂದ ಕಾಗದಕ್ಕೆ ಉದುರಿಸಿ, ಅಕ್ಕಸಾಲಿ ನಾಗೇಶಣ್ಣನ ಚಿನ್ನದ ತಕ್ಕಡಿಯಲ್ಲಿ ತೂಗಿ, ಯಾವ ಮನೆಯದು ಎಷ್ಟು ಅಂತ ಹೋಲಿಸದೆ ಅಂಕಿ ಬರೆದಿಟ್ಟೆ. ನಮ್ಮ ಬೀದಿಯ ಬೂದಿ ಚಿನ್ನದ ತಕ್ಕಡಿ ಹತ್ತಿತು ನೋಡು.

ಆಮೇಲೆ ಶುರುವಾಯಿತು ಪೇಚಾಟ. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಬೀಜಗಣಿತದ ಸಾಫ್ಟ್‌ವೇರ್ ಇದೆ. ಸಮೀಕರಣ ಕೊಟ್ಟರೆ ಬಿಡಿಸುತ್ತದೆ, ಅಂಕಿ ಕೊಟ್ಟರೆ ಗ್ರಾಫ್ ಬರೆಯುತ್ತದೆ. ನನಗೆ ಮಾತ್ರ ಬೈಗುಳ ಬಿಟ್ಟು ಇನ್ನೇನೂ ಕೊಡಲಿಲ್ಲ. ಆವರಣ ಮುಚ್ಚದಿದ್ದರೆ ಕೆಂಪು ಅಕ್ಷರದಲ್ಲಿ ಉಗಿಯುತ್ತದೆ. ಸಾಲಿನ ಕೊನೆಯ ಚಿಹ್ನೆ ಮರೆತರೆ ಮುನಿಸಿಕೊಂಡ ನೆಂಟನ ಹಾಗೆ ಸುಮ್ಮನೆ ಕೂರುತ್ತದೆ. ಕೊನೆಗೆ ಶಿವಮೊಗ್ಗದ ವಿದ್ಯಾನಗರದಲ್ಲಿರುವ ಗಣಿತದ ಶಿವಯೋಗಪ್ಪ ಮೇಷ್ಟ್ರ ಬಾಗಿಲು ತಟ್ಟಿದೆ. ಚಂದಾ ಕೇಳಲು ಹೋದರೆ ಕದ ಹಾಕಿಕೊಳ್ಳುತ್ತಾರೆ ಅಂತ ನೀನು ಬೈಯುತ್ತಿದ್ದೆಯಲ್ಲ, ಅವರೇ. ನನಗೆ ಕದ ತೆಗೆದರು. ನಿನ್ನ ಬಗ್ಗೆ ಒಂದು ಮಾತೂ ಕೇಳದೆ ಕಾಫಿ ಕೊಟ್ಟು, ತಮ್ಮ ಕಂಪ್ಯೂಟರಿನಲ್ಲೇ ನನ್ನ ಸಾಲುಗಳನ್ನು ಒಂದೊಂದಾಗಿ ತಿದ್ದಿಸಿದರು.

ಗೆರೆ ಬಂತು. ಆದರೆ ತಲೆಕೆಳಗಾಗಿ ಬಂತು. ರಾಶಿಯಿಂದ ದೂರ ಹೋದಂತೆ ಧೂಳು ಇಳಿಯಬೇಕು ತಾನೇ? ಇದು ಗೋಡೆಯ ಪಕ್ಕದಲ್ಲಿ ನೆಲಕಚ್ಚಿ, ಬೀದಿಯ ನಡುವೆ ಎದ್ದು ನಿಂತಿತ್ತು. ಕಂಪನಿಯವರೇ ಬರೆಸಿದ ಹಾಗೆ. ಸಾಫ್ಟ್‌ವೇರೇ ಕೆಟ್ಟಿದೆ ಅಂತ ನಾನು ಜಗಳಕ್ಕೆ ನಿಂತೆ. ಮೇಷ್ಟ್ರು ಕನ್ನಡಕ ತೆಗೆದು, 'ಅದು ಸರಿಯಾಗೇ ಇದೆ ಮಾರಾಯ್ತಿ, ನೀನು ಕೊಟ್ಟಿದ್ದನ್ನೇ ಬರೆದಿದೆ. ಗೋಡೆ ಪಕ್ಕದ ಮನೇಲಿ ಯಾರಿದಾರೆ, ಹೋಗಿ ಕೇಳು' ಅಂದರು. ಅದು ನಮ್ಮದೇ ಮನೆ. ಎದ್ದು ಭದ್ರಾವತಿಯ ಬಸ್ಸು ಹಿಡಿದೆ.

ಬಸ್ಸಿಳಿದವಳೇ ಅಜ್ಜಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. ಭಾನುವಾರ ತಂಡದವರು ಮೊದಲು ಬಂದು ಕಾಫಿಗೆ ಕೂರುವುದು ನಮ್ಮಲ್ಲೇ ಅಲ್ಲವಾ, ಅವರು ಬರುವ ಮುಂಚೆ ಬೆಳಿಗ್ಗೆಯೇ ಏಣಿ ಹತ್ತಿ ತಟ್ಟೆ ಒರೆಸಿ ಇಡುತ್ತಿದ್ದಳಂತೆ. ಯಾಕಜ್ಜಿ ಅಂದರೆ, 'ಮತ್ತೆ? ಬಂದೋರ ಮುಂದೆ ಧೂಳು ಹಿಡಿದ ತಟ್ಟೆ ಇಡ್ಲಾ? ಸೊಸೆ ಜೈಲಲ್ಲಿದಾಳೆ ಅಂತ ಮನೆ ಗಲೀಜು ಇಟ್ಕೊಂಡಿದಾರೆ ಅನ್ನಲ್ವಾ?'  ಇಷ್ಟು ವರ್ಷ ಕಂಪನಿಯವರ ಗಲೀಜನ್ನು ಒರೆಸಿ ಒರೆಸಿ, ಅದು ನಮ್ಮದೇ ಮರ್ಯಾದೆಯ ಪ್ರಶ್ನೆ ಅಂದುಕೊಂಡುಬಿಟ್ಟಿದ್ದೇವಲ್ಲ ಅಮ್ಮಾ, ಅದಕ್ಕೆ ಯಾವ ಗ್ರಾಫ್ ಬರೆಯಲಿ?

ಮತ್ತೆ ತೂಗಲು ದಿನವಿಲ್ಲ. ಫೋನಿನಲ್ಲಿ ಮೇಷ್ಟ್ರು ಹೇಳಿದ ದಾರಿ ಒಂದೇ: ನಮ್ಮ ಮನೆಯ ಚುಕ್ಕಿಯನ್ನು ಲೆಕ್ಕದಿಂದ ಬಿಡು, ಅಳಿಸಬೇಡ. ಬೇರೆ ಬಣ್ಣದಲ್ಲಿ ಇಟ್ಟು ಯಾಕೆ ಬಿಟ್ಟೆ ಅಂತ ಕೆಳಗೆ ಬರೆ. ಹಾಗೆ ಮಾಡಿದೆ. ಗೆರೆ ಗೋಡೆಯ ಕಡೆಯಿಂದ ಸರಿಯಾಗಿ ಇಳಿಯಿತು. ಆದರೂ ಹೆದರಿಕೆ. ಒಂದು ತಟ್ಟೆ ಒರೆಸಿದವರು ಉಳಿದದ್ದಕ್ಕೆ ಏನು ಬೆರೆಸಿದಿರೋ ಅಂತ ಕಂಪನಿಯ ವಕೀಲ ಕೇಳಿದರೆ? ಹಾಲಸ್ವಾಮಿ ಮಾಮ ಬೇರೆ, 'ಒಂದು ಅಂಕಿ ತಿದ್ದು ಸಂಘು, ಅವರು ತಿದ್ದಲ್ವಾ?' ಅಂತ ಎರಡು ದಿನದಿಂದ ಹಿಂದೆ ಬಿದ್ದಿದ್ದಾರೆ. ಸುಳ್ಳು ಲೆಕ್ಕ ಬರೆಯುವವರ ವಿರುದ್ಧ ಕೂಗಲು ಕಲಿಸಿದವಳು ನೀನು. ನಾನು ಆಗಲ್ಲ ಅಂದಿದ್ದೇನೆ. ತಟ್ಟೆ ಒರೆಸಿದ್ದು ತಾನೇ ಅಂತ ಸಭೆಯಲ್ಲಿ ಹೇಳಲು ಅಜ್ಜಿ ಒಪ್ಪಿದ್ದಾಳೆ, ಹಸಿರು ರೇಷ್ಮೆ ಸೀರೆ ಇಸ್ತ್ರಿಯಾಗಬೇಕು ಅನ್ನುವ ಷರತ್ತಿನ ಮೇಲೆ.

ಬೀದಿಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಅಜ್ಜಿ ಬಾಯಿತುಂಬ ಹರಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಧೈರ್ಯವಾಗಿರು.

ನಿನ್ನ ಮಗಳು,
ಸಂಘಮಿತ್ರಾ

ತಾ.ಕ.: ವಕೀಲರು ಹೊರಗೆ ಹಾರ್ನ್ ಹಾಕುತ್ತಿದ್ದಾರೆ. ಹಾಲಸ್ವಾಮಿ ಮಾಮ ಈಗಷ್ಟೇ ಬಂದುಹೋದರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬೇರೆ ಗ್ರಾಫ್ ಪ್ರಿಂಟ್ ಹಾಕಿಸಿದ್ದಾರೆ. ಅದರಲ್ಲಿ ಗೋಡೆ ಪಕ್ಕದ ಚುಕ್ಕಿ ಎಲ್ಲಕ್ಕಿಂತ ಮೇಲಿದೆ, ಕೆಳಗೆ ನನ್ನ ಹೆಸರಿದೆ. ಯಾರನ್ನು ಕೇಳಿ ಮಾಡಿಸಿದಿರಿ ಅಂದೆ. 'ನಿಮ್ಮಮ್ಮನೇ ಹೇಳಿದ್ದು' ಅಂದರು. ಅಮ್ಮಾ, ಹೇಳಿದೆಯಾ? ಹೌದು ಅಥವಾ ಇಲ್ಲ, ಒಂದೇ ಮಾತು ವಕೀಲರ ಹತ್ತಿರ ಹೇಳಿಕಳಿಸು. ಇಲ್ಲ ಅಂದರೆ ಆ ಕಾಗದವನ್ನು ಮಾಮನ ಕೈಯಿಂದ ಇವತ್ತೇ ಕಿತ್ತು ಹರಿಯುತ್ತೇನೆ. ಹೌದು ಅಂದರೆ ಸೋಮವಾರ, ಎಲ್ಲರೆದುರು ಹರಿಯುತ್ತೇನೆ.